ಬಾಸ್ಟನ್ನಿನಲ್ಲಿ ಹಾಕಿದ ಓಟು

ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ರಾತ್ರಿ ಒಂದು ಮೆಸೇಜ್ ಬಿತ್ತು. "ಐಎಲ್‌ಆರ್ ಹೊಸ ಪ್ರಸ್ತಾಪದಲ್ಲಿ ಎನ್‌ಎಚ್‌ಎಸ್ ಡಾಕ್ಟರು, ನರ್ಸುಗಳಿಗೆ ಐದೇ ವರ್ಷ. ಕೇರ್ ವೀಸಾದವರಿಗೆ ಹದಿನೈದು. ಸರಿಯಾಗೇ ಇದೆ, ಸಿಕ್ಕಸಿಕ್ಕವರೆಲ್ಲ ಬಂದು ನಮ್ಮ ಹೆಸರೂ ಕೆಡಿಸಿದರು." ಐಎಲ್‌ಆರ್ ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ವರ್ಷಗಳ ಲೆಕ್ಕ ಅದಕ್ಕೆ ಕಾಯಬೇಕಾದದ್ದು. ಎನ್‌ಎಚ್‌ಎಸ್ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಕೇರ್ ವೀಸಾ ವಯಸ್ಸಾದವರ, ಅಶಕ್ತರ ಆರೈಕೆಯ ಕೆಲಸಕ್ಕೆ ಬರುವವರದು. ಆ ಮೆಸೇಜಿನ ಕೆಳಗೆ ಹನ್ನೊಂದು ಥಂಬ್ಸ್ ಅಪ್. ಹಾಕಿದವರೆಲ್ಲ ನನಗೆ ಬೇಕಾದವರೇ, ಯುಗಾದಿಗೆ ಒಟ್ಟಿಗೆ ಕೂತು ಹೋಳಿಗೆ ತಿಂದವರು. ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅವರಿಗೆ ಬುದ್ಧಿ ಹೇಳುವ ಮೊದಲು ನಾನು ಹೇಳಿಕೊಳ್ಳಬೇಕಾದ ಮಾತೊಂದು ಇಷ್ಟು ವರ್ಷ ಗಂಟಲಲ್ಲೇ ಉಳಿದಿದೆ.

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ 2016ರ ಜೂನ್ 23ರಂದು ಜನಮತಗಣನೆ ಆಯಿತಲ್ಲ, ಅದರಲ್ಲಿ ನಾನು ಬಿಡಬೇಕು ಅಂತ ಓಟು ಹಾಕಿದೆ.

ಇಂಡಿಯನ್ ಪಾಸ್‌ಪೋರ್ಟಿನವಳಿಗೆ ಅಲ್ಲಿ ಓಟು ಎಲ್ಲಿಂದ ಬಂತು ಅಂತ ಊರಿನವರು ಕೇಳಬಹುದು. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ಪ್ರಜೆಗಳು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸವಿದ್ದರೆ ಸಾಕು, ಪಾರ್ಲಿಮೆಂಟ್ ಚುನಾವಣೆಯಲ್ಲೂ ಈ ಜನಮತಗಣನೆಯಲ್ಲೂ ಓಟು ಹಾಕಬಹುದಿತ್ತು. ಯುರೋಪಿಯನ್ ಒಕ್ಕೂಟದ ಪ್ರಜೆಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟು ಉಳಿದವರಿಗೆ ಆ ಹಕ್ಕು ಇರಲಿಲ್ಲ. ಹಾಸನದಿಂದ ಬಂದು ಐದು ವರ್ಷವೂ ತುಂಬದ ನಾನು, ಹನ್ನೆರಡು ವರ್ಷದಿಂದ ಇಲ್ಲಿ ದುಡಿದು ತೆರಿಗೆ ಕಟ್ಟಿದ ಪೋಲೆಂಡಿನ ಗೆಳತಿಯ ಬದುಕಿನ ಮೇಲೆ ಓಟು ಹಾಕಿದೆ. ಅವಳಿಗೆ ಅವಳ ಬದುಕಿನ ಮೇಲೆಯೇ ಓಟಿರಲಿಲ್ಲ.

ನಾನಿದ್ದದ್ದು ಬಾಸ್ಟನ್ನಿನಲ್ಲಿ. ಅಮೆರಿಕದ್ದಲ್ಲ, ಅದಕ್ಕೆ ಹೆಸರು ಕೊಟ್ಟ ಲಿಂಕನ್‌ಶೈರಿನ ಸಣ್ಣ ಪಟ್ಟಣ. ಸುತ್ತ ಅಂಗೈಯಷ್ಟು ಸಪಾಟಾದ ನೆಲ, ಜೌಗು ಬತ್ತಿಸಿ ಮಾಡಿದ ಕಪ್ಪು ಮಣ್ಣು, ಕಣ್ಣು ಹಾಯಿಸಿದಷ್ಟು ಕೋಸು, ಹೂಕೋಸು, ಆಲೂಗಡ್ಡೆ. ಅಲ್ಲಿನ ಚರ್ಚಿನ ಗೋಪುರಕ್ಕೆ ಜನ 'ಸ್ಟಂಪ್' ಅನ್ನುತ್ತಾರೆ, ಮೈಲಿಗಟ್ಟಲೆ ದೂರಕ್ಕೂ ಕಾಣುತ್ತದೆ. 1607ರಲ್ಲಿ ಧರ್ಮದ ಕಾರಣಕ್ಕೆ ದೇಶ ಬಿಟ್ಟು ಹಾಲೆಂಡಿಗೆ ಓಡಲು ಹೊರಟವರನ್ನು ಹಿಡಿದು ಕೂಡಿಹಾಕಿದ ಕೋಣೆಗಳು ಅಲ್ಲಿನ ಗಿಲ್ಡ್‌ಹಾಲಿನಲ್ಲಿ ಈಗಲೂ ಇವೆ. ಅಮೆರಿಕಕ್ಕೆ ಹೋದ 'ಪಿಲ್‌ಗ್ರಿಮ್ಸ್' ಅಂತ ಓದುತ್ತೇವಲ್ಲ, ಅವರಲ್ಲಿ ಕೆಲವರು ಇವರೇ.

2004ರ ಮೇ 1ಕ್ಕೆ ಹತ್ತು ಹೊಸ ದೇಶಗಳು ಒಕ್ಕೂಟ ಸೇರಿದವು. ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಮುಂತಾದ ಪೂರ್ವದ ದೇಶಗಳವರಿಗೆ ಮೊದಲ ದಿನದಿಂದಲೇ ಕೆಲಸದ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ 5 ಸಾವಿರದಿಂದ 13 ಸಾವಿರ ಜನ ಬರಬಹುದು ಅಂತ ಸರ್ಕಾರ ಮಾಡಿಸಿದ ಅಂದಾಜು. ಬಂದದ್ದು ಲಕ್ಷಗಟ್ಟಲೆ. 2011ರ ಜನಗಣತಿ ಹೊತ್ತಿಗೆ ಬಾಸ್ಟನ್ನಿನಲ್ಲಿ ಹತ್ತು ಜನರಲ್ಲಿ ಒಬ್ಬರು ಆ ದೇಶಗಳವರಾಗಿದ್ದರು. ದೊಡ್ಡ ಲಂಡನ್ನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಪಟ್ಟಣಕ್ಕೆ ಅದು ಏಳೆಂಟು ವರ್ಷದಲ್ಲಿ ಬೀದಿಯ ಭಾಷೆಯೇ ಬದಲಾದ ಹಾಗೆ.

ನಾನು ನರ್ಸಾಗಿದ್ದ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು, ಸೊಂಟದ ಆಪರೇಷನ್ ಆಗಿತ್ತು. ಹುಡುಗಿಯಾಗಿದ್ದಾಗ ಊರಿನ ಹೆಂಗಸರ ಜತೆ ಟ್ರ್ಯಾಕ್ಟರ್ ಹಿಂದೆ ನಡೆದು ಕೋಸು ಕೊಯ್ದವರು. "ಈಗ ನನ್ನ ಮೊಮ್ಮಗ ಹೋದರೆ ಏಜೆನ್ಸಿಯವನು ಪಟ್ಟಿ ತುಂಬಿದೆ ಅಂತಾನೆ. ಪಕ್ಕದ ಮನೇಲಿ ಮೂರು ಕೋಣೆಗೆ ಹನ್ನೊಂದು ಜನ. ಆ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮನ್ನು ಯಾರು ಕೇಳಿದರು?" ಅಂದಿದ್ದರು. ಬ್ರೆಕ್ಸಿಟ್‌ಗೆ ಓಟು ಹಾಕಿದವರೆಲ್ಲ ಜನಾಂಗದ್ವೇಷಿಗಳು ಅಂತ ಯಾರಾದರೂ ಹೇಳಿದಾಗ ಆ ಅಜ್ಜಿಯ ಮುಖ ಕಣ್ಣ ಮುಂದೆ ಬರುತ್ತದೆ. ಜನ ಬರುತ್ತಾರೆ ಅಂತ ಗೊತ್ತಾದ ಮೇಲೂ ಡಾಕ್ಟರನ್ನು ಹೆಚ್ಚಿಸಲಿಲ್ಲ, ಮನೆ ಕಟ್ಟಲಿಲ್ಲ, ಕೂಲಿ ಕದಿಯುವ ಮೇಸ್ತ್ರಿಗಳನ್ನು ಸರಿಯಾಗಿ ಹಿಡಿಯಲಿಲ್ಲ. ಆ ತಪ್ಪು ಲಂಡನ್ನಿನಲ್ಲಿ ಕೂತ ಸರ್ಕಾರದ್ದು. ಅದರ ಸಿಟ್ಟು ತಿಂದವನು ಬೆಳಗಿನ ಜಾವ ವ್ಯಾನು ಹತ್ತುತ್ತಿದ್ದ ಲಿಥುವೇನಿಯಾದ ಹುಡುಗ.

ನನ್ನ ಸಿಟ್ಟು ಬೇರೆ ಥರದ್ದು.

ನಾನು ಬಂದದ್ದು 2011ರಲ್ಲಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ನಾಲ್ಕು ವಿಭಾಗಕ್ಕೂ 7 ಬೇಕಿತ್ತು, ಬರವಣಿಗೆಯಲ್ಲಿ ಎರಡು ಸಲ 6.5 ಬಂದು ನಿಂತೆ, ಮೂರನೇ ಸಲ ದಾಟಿದೆ. ಯುರೋಪಿನ ನರ್ಸುಗಳಿಗೆ ಆಗ ಆ ಪರೀಕ್ಷೆಯೇ ಇರಲಿಲ್ಲ. ಅವರಿಗೆ ಭಾಷೆಯ ನಿಯಮ ಬಂದದ್ದು 2016ರ ಜನವರಿಯಲ್ಲಿ. ಇದರ ಮೇಲೆ ಇನ್ನೊಂದು ನಿಯಮ: 2011ರ ಏಪ್ರಿಲ್ ನಂತರ ಬಂದವರು ಐದು ವರ್ಷ ಆದ ಮೇಲೆ ಇಲ್ಲಿ ನೆಲೆಸಬೇಕಾದರೆ ವರ್ಷಕ್ಕೆ 35 ಸಾವಿರ ಪೌಂಡ್ ಸಂಬಳ ತೋರಿಸಬೇಕು. ನರ್ಸಿನ ಸಂಬಳ ಶುರುವಾಗುತ್ತಿದ್ದದ್ದೇ 21-22 ಸಾವಿರಕ್ಕೆ. ನಾಲ್ಕು ವರ್ಷ ಆ ಲೆಕ್ಕ ಹಾಕುತ್ತಲೇ ಮಲಗಿದ್ದೇನೆ. ಕೊನೆಗೆ 2015ರ ಅಕ್ಟೋಬರಿನಲ್ಲಿ ನರ್ಸುಗಳನ್ನು ಜನ ಸಾಲದ ಕೆಲಸಗಳ ಪಟ್ಟಿಗೆ ಸೇರಿಸಿದರು, ಆ ಪಟ್ಟಿಯವರಿಗೆ 35 ಸಾವಿರದ ನಿಯಮ ಇರಲಿಲ್ಲ, ಬದುಕಿಕೊಂಡೆ.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದೇ ಹೋದದ್ದು ಅಮ್ಮನ ವಿಷಯ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಾಸನದ ಮನೆಯಲ್ಲಿ ಒಬ್ಬರೇ. ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ನಿಯಮವನ್ನು 2012ರಲ್ಲಿ ಎಷ್ಟು ಬಿಗಿ ಮಾಡಿದರೆಂದರೆ, ಆ ಬಾಗಿಲು ಇದ್ದೂ ಇಲ್ಲದ ಹಾಗೆ. ನನ್ನ ಪೋಲಿಷ್ ಗೆಳತಿಯ ತಾಯಿ ಮಾತ್ರ ಗುರುತಿನ ಚೀಟಿ ತೋರಿಸಿ ವಿಮಾನ ಇಳಿದರು, ಮಗಳ ಮನೆಯಲ್ಲೇ ಉಳಿದರು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಅವರು ಸೂಪ್ ಮಾಡಿ ಡಬ್ಬಿಯಲ್ಲಿ ಕಳಿಸಿದಾಗ ಬಾಯಿಗೆ ರುಚಿ, ಎದೆಯಲ್ಲಿ ಉರಿ.

ಆ ಗೆಳತಿಯ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಕ್ರಿಸ್‌ಮಸ್ಸಿಗೆ ಅವಳೊಂದು ಸಿಹಿ ಮಾಡುತ್ತಿದ್ದಳು, ಮಕೋವಿಯೆಟ್ಸ್ ಅಂತ. ಚಾಪೆಯ ಹಾಗೆ ಸುತ್ತಿದ ಹಿಟ್ಟಿನೊಳಗೆ ಕಪ್ಪನೆಯ ಹೂರಣ. ಮೊದಲ ಸಲ ಬಾಯಿಗಿಟ್ಟಾಗ ಎಲ್ಲೋ ತಿಂದ ರುಚಿ ಅನ್ನಿಸಿತು, ನಾಲ್ಕು ಸಲ ಅಗಿದ ಮೇಲೆ ಹೊಳೆಯಿತು: ಗಸಗಸೆ. ನಮ್ಮದು ಬಿಳಿ, ಅವರದು ನೀಲಿಗಪ್ಪು, ಅಷ್ಟೇ ವ್ಯತ್ಯಾಸ. ಮರುವಾರ ನಾನು ಗಸಗಸೆ ಪಾಯಸ ಮಾಡಿ ಫ್ಲಾಸ್ಕಿನಲ್ಲಿ ಒಯ್ದೆ. ರಾತ್ರಿಪಾಳಿಯ ಮೂರು ಗಂಟೆಗೆ, ರೋಗಿಗಳೆಲ್ಲ ಮಲಗಿದ್ದಾಗ, ಸ್ಟಾಫ್ ರೂಮಿನಲ್ಲಿ ಇಬ್ಬರೂ ಚಹಾ ಮಗ್ಗಿನಲ್ಲಿ ಸುರಿದುಕೊಂಡು ಕುಡಿದೆವು. ಇದನ್ನು ಕುಡಿದರೆ ನಿದ್ದೆ ಬರುತ್ತೆ ಅಂತ ಅಮ್ಮ ಹೇಳುತ್ತಿದ್ದರು ಅಂದೆ. ಅವಳ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳಂತೆ.

ಇಂಥವಳ ವಿರುದ್ಧ ಓಟು ಹಾಕುತ್ತಿದ್ದೇನೆ ಅಂತ ನನಗೆ ಆಗ ಅನ್ನಿಸಲೇ ಇಲ್ಲ. ಅವರ ಸಾಲು ಬೇರೆ, ನಮ್ಮ ಸಾಲು ಬೇರೆ, ಅವರ ಸಾಲು ನಿಂತರೆ ನಮ್ಮದು ಮುಂದೆ ಹೋಗುತ್ತೆ ಅನ್ನುವುದು ನನ್ನ ಲೆಕ್ಕ. ಈ ಲೆಕ್ಕ ನನ್ನೊಬ್ಬಳದಲ್ಲ. ಏಷ್ಯಾ ಮೂಲದ ಮತದಾರರಲ್ಲಿ ಮೂವರಿಗೆ ಒಬ್ಬರಷ್ಟು 'ಲೀವ್' ಹಾಕಿದರು ಅಂತ ಆಗಿನ ಸಮೀಕ್ಷೆ ಹೇಳಿತ್ತು. ನಮ್ಮ ಡಾಕ್ಟರುಗಳಿಗೆ ಇದಕ್ಕಿಂತ ಹಳೆಯ ನೋವಿತ್ತು. 2006ರಲ್ಲಿ ಒಂದೇ ತಿಂಗಳೊಳಗೆ ನಿಯಮ ಬದಲಿಸಿ, ತರಬೇತಿ ಹುದ್ದೆಗಳಲ್ಲಿ ಯುರೋಪಿನವರಿಗೆ ಮೊದಲ ಆದ್ಯತೆ ಮಾಡಿದಾಗ ಸಾವಿರಾರು ಭಾರತೀಯ ವೈದ್ಯರು ಅತಂತ್ರರಾದರು. ಅವರ ಸಂಘ ಬಾಪಿಯೋ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2008ರಲ್ಲಿ ಗೆದ್ದಿತು. ಅಷ್ಟರಲ್ಲಿ ಎಷ್ಟೋ ಜನ ಪೆಟ್ಟಿಗೆ ಕಟ್ಟಿಯಾಗಿತ್ತು. ಬಿಡಬೇಕು ಅನ್ನುವ ಪ್ರಚಾರದವರಿಗೆ ಈ ನೋವು ಚೆನ್ನಾಗಿ ಗೊತ್ತಿತ್ತು. ಒಕ್ಕೂಟ ಬಿಟ್ಟರೆ ನಿಮ್ಮ ಕರಿ ಹೋಟೆಲಿಗೆ ಅಡುಗೆಯವರು ಬರಲು ದಾರಿಯಾಗುತ್ತೆ ಅಂತ ಸಚಿವೆ ಪ್ರೀತಿ ಪಟೇಲ್ ಹೇಳಿದರು. ಕೆಂಪು ಬಸ್ಸಿನ ಮೇಲೆ, ನಾವು ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತೇವೆ ಅಂತ ಬರೆದು, ಅದನ್ನು ಎನ್‌ಎಚ್‌ಎಸ್‌ಗೆ ಹಾಕೋಣ ಅಂದರು. ಆ ಲೆಕ್ಕ ದಾರಿ ತಪ್ಪಿಸುವಂಥದ್ದು ಅಂತ ಅಂಕಿಅಂಶ ಪ್ರಾಧಿಕಾರವೇ ಹೇಳಿದರೂ ಬಸ್ಸು ಓಡುತ್ತಲೇ ಇತ್ತು.

ಜೂನ್ 16ರಂದು, ಒಕ್ಕೂಟ ಬಿಡಬೇಕು ಅಂತ ಪ್ರಚಾರ ಮಾಡುತ್ತಿದ್ದ ನಾಯಕ ನೈಜೆಲ್ ಫರಾಜ್ 'ಬ್ರೇಕಿಂಗ್ ಪಾಯಿಂಟ್' ಪೋಸ್ಟರಿನ ಮುಂದೆ ನಿಂತರು. ಚಿತ್ರದಲ್ಲಿದ್ದವರು ಪೋಲೆಂಡಿನವರಲ್ಲ, ಕ್ರೊವೇಷಿಯಾ-ಸ್ಲೊವೇನಿಯಾ ಗಡಿಯಲ್ಲಿ ನಡೆದು ಬರುತ್ತಿದ್ದ ನಿರಾಶ್ರಿತರು. ಬಹುಪಾಲು ನನ್ನ ಮೈಬಣ್ಣದ ಗಂಡಸರು. ಅದೇ ದಿನ ಮಧ್ಯಾಹ್ನ ಬರ್‌ಸ್ಟಾಲ್‌ನಲ್ಲಿ, ಒಕ್ಕೂಟದಲ್ಲೇ ಇರಬೇಕು ಅನ್ನುತ್ತಿದ್ದ ಸಂಸದೆ ಜೋ ಕಾಕ್ಸ್ ಅವರನ್ನು ನಡುಬೀದಿಯಲ್ಲಿ ಕೊಂದರು. ಎರಡು ಸಣ್ಣ ಮಕ್ಕಳ ತಾಯಿ. ಆ ಪೋಸ್ಟರ್ ನೋಡಿದ ಮೇಲೂ, ಆ ಸುದ್ದಿ ಕೇಳಿದ ಮೇಲೂ, ಒಂದು ವಾರ ಬಿಟ್ಟು ಹೋಗಿ ನಾನು ಬಿಡಬೇಕು ಅಂತಲೇ ಗುರುತು ಹಾಕಿದೆ. ದಾರ ಕಟ್ಟಿದ ಗಿಡ್ಡ ಪೆನ್ಸಿಲ್. ಬೆರಳಿಗೆ ಶಾಯಿ ಇಲ್ಲ. ಹೊರಗೆ ಬಂದಾಗ ಓಟು ಹಾಕಿದ ಯಾವ ಗುರುತೂ ಮೈಮೇಲೆ ಇರಲಿಲ್ಲ.

ಬಿಡಬೇಕು ಅಂದವರು ದೇಶದಲ್ಲಿ ಶೇಕಡಾ 51.9, ಬಾಸ್ಟನ್ನಿನಲ್ಲಿ 75.6. ಮರುದಿನ ಬೆಳಿಗ್ಗೆ ಪಾಳಿ ಬದಲಿಸುವಾಗ ಪೋಲಿಷ್ ಗೆಳತಿ ಎಂದಿನಂತೆ ಹಾಸಿಗೆ ಹಾಸಿಗೆಗೂ ನಿಂತು ವಿವರ ಹೇಳಿದಳು, ದನಿ ಮಾತ್ರ ಸಣ್ಣದಾಗಿತ್ತು. ಒಂಬತ್ತನೇ ಹಾಸಿಗೆಯ ಮುದುಕರು ನಮ್ಮಿಬ್ಬರನ್ನೂ ನೋಡಿ, "ಸರಿ ಹಾಗಾದರೆ, ಇಬ್ಬರೂ ಯಾವಾಗ ಹೊರಡುತ್ತೀರಿ?" ಅಂದರು. ಗದರಿಸಿ ಕೇಳಲಿಲ್ಲ, ಬಸ್ಸಿನ ಟೈಮ್ ಕೇಳಿದ ಹಾಗೆ ಕೇಳಿದರು. ನನ್ನ ಸಾಲು ಬೇರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕಾರಿಡಾರಿಗೆ ಬಂದ ಮೇಲೆ ಅವಳು ನನ್ನ ತೋಳು ಹಿಡಿದು, "ನಿನಗೆ ಓಟು ಇತ್ತಂತೆ? ಥ್ಯಾಂಕ್ಯೂ, ನೀನಾದರೂ ಹಾಕಿದೆಯಲ್ಲ" ಅಂದಳು. ನಾನು ಯಾವ ಕಡೆಗೆ ಹಾಕಿದೆ ಅಂತ ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ನಾನೂ ಹೇಳಲಿಲ್ಲ.

2018ರಲ್ಲಿ ಗೆಳತಿಯ ಮನೆಯವರು ಪೋಲೆಂಡಿನ ಪೊಜ್ನಾನ್‌ಗೆ ವಾಪಸ್ ಹೋದರು. "ನೀವು ಯಾವಾಗ ಹೋಗ್ತೀರಿ" ಅಂತ ಶಾಲೆಯಲ್ಲಿ ಮಗಳನ್ನು ಕೇಳುವವರು ಜಾಸ್ತಿಯಾಗಿದ್ದರು. ಅವಳೊಬ್ಬಳೇ ಅಲ್ಲ. 2015-16ರಲ್ಲಿ ಯುರೋಪಿನಿಂದ ಬಂದು ಹೊಸದಾಗಿ ನೋಂದಾಯಿಸಿದ ನರ್ಸುಗಳು 9 ಸಾವಿರಕ್ಕೂ ಹೆಚ್ಚು, 2017-18ರಲ್ಲಿ 805. ಭಾಷಾ ಪರೀಕ್ಷೆಯೂ ಒಂದು ಕಾರಣ, ಒಪ್ಪುತ್ತೇನೆ. ಆದರೆ ಅರ್ಧ ಖಾಲಿ ರೋಸ್ಟರ್ ಹಿಡಿದು ರಾತ್ರಿ ಕಳೆದವರು ನಾವು.

ಆಮೇಲೆ ಏನಾಯಿತು ನೋಡಿ. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು, ವರ್ಷದ ಕೊನೆಗೆ ಯುರೋಪಿನವರ ಮುಕ್ತ ಓಡಾಟ ನಿಂತಿತು. ಕಡಿಮೆಯಾಗಬೇಕಿದ್ದ ವಲಸೆ ಏರಿತು. ಬಂದವರಲ್ಲಿ ಹೋದವರನ್ನು ಕಳೆದರೆ 2015ರಲ್ಲಿ ಸುಮಾರು 3.3 ಲಕ್ಷ ಇದ್ದದ್ದು 2023ರ ಹೊತ್ತಿಗೆ ವರ್ಷಕ್ಕೆ 9 ಲಕ್ಷ ದಾಟಿತು. ನಮ್ಮ ಸಾಲು ನಿಜಕ್ಕೂ ಮುಂದೆ ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಕೇರ್ ವೀಸಾದವರನ್ನು ಕೇಳಬೇಕು. ಕೆಲಸಗಾರರು ಸಿಗದೆ 2022ರ ಫೆಬ್ರವರಿಯಲ್ಲಿ ಆ ಬಾಗಿಲು ತೆರೆದರು. ನಮ್ಮ ಕಡೆಯ ಹುಡುಗಿಯೊಬ್ಬಳು ಅಪ್ಪನ ಕಾಫಿ ತೋಟ ಅಡವಿಟ್ಟು ಏಜೆಂಟನಿಗೆ ಹದಿನಾಲ್ಕು ಲಕ್ಷ ಕೊಟ್ಟು ಬಂದಳು. ಬಂದ ಮೇಲೆ ಕಂಪನಿಯಲ್ಲಿ ಕೆಲಸವೇ ಇಲ್ಲ, ವಾರಕ್ಕೆ ಎಂಟು ಗಂಟೆ, ಒಂದು ಕೋಣೆಗೆ ನಾಲ್ಕು ಜನ. ಹೊರದೇಶದವರನ್ನು ಕರೆಸಿಕೊಳ್ಳುವ ಅದರ ಲೈಸೆನ್ಸ್ ಹೋದಾಗ ಬೇರೆ ಸ್ಪಾನ್ಸರ್ ಹುಡುಕಲು ಅವಳಿಗೆ 60 ದಿನ. ಹೀಗೆ 470ಕ್ಕೂ ಹೆಚ್ಚು ಕೇರ್ ಕಂಪನಿಗಳ ಲೈಸೆನ್ಸ್ ರದ್ದಾಗಿದೆ. ಅವಳು ನಮ್ಮ ಮನೆಯಲ್ಲಿ ಮೂರು ವಾರ ಇದ್ದಳು. ಪ್ರತಿ ರಾತ್ರಿ ಅಪ್ಪನಿಗೆ ಫೋನ್ ಮಾಡಿ "ಕೆಲಸ ಚೆನ್ನಾಗಿದೆ" ಅನ್ನುತ್ತಿದ್ದಳು. ಹಾಗನ್ನುವಾಗ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

2024ರ ಮಾರ್ಚಿನಿಂದ ಕೇರ್ ವೀಸಾದವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರು ಬರುವುದನ್ನೇ ನಿಲ್ಲಿಸಿದರು. ನಿವ್ವಳ ವಲಸೆ ಆ ವರ್ಷದ ಮಧ್ಯಕ್ಕೆ 2 ಲಕ್ಷದ ಆಸುಪಾಸಿಗೆ ಇಳಿಯಿತು. ಜನರ ಸಿಟ್ಟು ಮಾತ್ರ ಇಳಿಯಲಿಲ್ಲ. 2024ರಲ್ಲಿ ಬಾಸ್ಟನ್ ಗೆಲ್ಲಿಸಿ ಕಳಿಸಿದ್ದು ಫರಾಜ್ ಅವರ ರಿಫಾರ್ಮ್ ಪಕ್ಷದವರನ್ನು. ಈಗ ಕೇರ್ ವೀಸಾದಲ್ಲಿ ಈಗಾಗಲೇ ಬಂದಿರುವವರಿಗೂ ಸೇರಿಸಿಯೇ ಹದಿನೈದು ವರ್ಷದ ಪ್ರಸ್ತಾಪ. ಆಟದ ನಡುವೆ ಗೆರೆ ಅಳಿಸಿ ಬರೆಯುವುದು ಅಂದರೆ ಇದು. 35 ಸಾವಿರದ ನಿಯಮದಡಿ ನಾಲ್ಕು ವರ್ಷ ಮಲಗಿದವಳಿಗೆ ಅದು ಹೇಗಿರುತ್ತೆ ಅಂತ ಗೊತ್ತು.

ಎಷ್ಟು ಜನ ಬರಬೇಕು ಅಂತ ತೀರ್ಮಾನಿಸುವ ಹಕ್ಕು ಈ ದೇಶಕ್ಕಿದೆ. ಆ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಬಾಗಿಲು ತೆರೆಯುವ ಮೊದಲೇ ಕೊಡಬೇಕಿತ್ತು. ಆದರೆ ಕರೆಸಿಕೊಂಡವರಿಗೆ ಕೊಟ್ಟ ಮಾತು ಮುರಿದರೆ ಆ ಅಜ್ಜಿಯ ಮೊಮ್ಮಗನಿಗೆ ಮನೆ ಸಿಗುವುದಿಲ್ಲ. ಅದಕ್ಕೆ ಚಪ್ಪಾಳೆ ತಟ್ಟುವ ನಾವು, ಐದು ವರ್ಷದ ಸಾಲಿನಲ್ಲಿ ನಿಂತಿದ್ದೇವೆ ಅನ್ನುವ ಸಮಾಧಾನದಲ್ಲಿದ್ದೇವೆ. ನಾನೂ 2016ರಲ್ಲಿ ಅದೇ ಸಮಾಧಾನದಲ್ಲಿ ಪೆನ್ಸಿಲ್ ಹಿಡಿದಿದ್ದೆ. ಗುಂಪಿನ ಹನ್ನೊಂದು ಜನಕ್ಕೆ ನನ್ನ ಕೋರಿಕೆ ಇಷ್ಟೇ: ಆ ಪ್ರಸ್ತಾಪದ ವಿರುದ್ಧ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ನಿಮಗೆಲ್ಲ ಇಲ್ಲಿ ಓಟಿದೆ. ಒಕ್ಕಣೆ ನಾನು ಬರೆದುಕೊಡುತ್ತೇನೆ.

ಪೋಲೆಂಡಿನ ಗೆಳತಿ ಹೊರಡುವ ದಿನ ಮಕೋವಿಯೆಟ್ಸ್ ಬೇಯಿಸುವ ಉದ್ದನೆಯ ತಗಡಿನ ಅಚ್ಚನ್ನು ನನಗೆ ಕೊಟ್ಟು ಹೋದಳು. ಪ್ರತಿ ಕ್ರಿಸ್‌ಮಸ್ಸಿಗೆ ಈ ವರ್ಷ ಮಾಡಿದೆಯಾ ಅಂತ ಕೇಳುತ್ತಾಳೆ. ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾಳೆ, ಮಗಳ ಫೋಟೋಗೆಲ್ಲ ಲೈಕ್ ಹಾಕುತ್ತಾಳೆ. ನಾನು ಕನ್ನಡದಲ್ಲಿ ಬರೆದದ್ದನ್ನೂ ಅನುವಾದದ ಗುಂಡಿ ಒತ್ತಿ ಓದುತ್ತೇನೆ ಅಂತ ಒಮ್ಮೆ ಹೇಳಿದ್ದಳು. ಈ ಪೋಸ್ಟನ್ನು ಅವಳಿಂದ ಮರೆಮಾಡಿಲ್ಲ.