ಗುಡ್ಡ ಬೋಳಾಗಿಲ್ಲ, ಅಲ್ಲಿ ಹುಲ್ಲಿದೆ

ಮಳೆ ಶುರುವಾದರೆ ಸಾಕು, ಪುಣೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಗ್ಯಾರಂಟಿ. ಭಾನುವಾರ ಬೆಳಿಗ್ಗೆ ಟೇಕಡಿ (ಇಲ್ಲಿನವರು ಗುಡ್ಡಕ್ಕೆ ಹಾಗನ್ನುತ್ತಾರೆ) ಮೇಲೆ ಗಿಡ ನೆಡುವ ಕಾರ್ಯಕ್ರಮ, ಗುದ್ದಲಿ ನಾವೇ ಕೊಡುತ್ತೇವೆ, ಆಮೇಲೆ ಉಪ್ಪಿಟ್ಟು. ಉಪ್ಪಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಗುಂಡಿ ತೋಡುವುದರ ಬಗ್ಗೆ. ಈ ಸಲ ಹಾಗಂತ ಗುಂಪಿನಲ್ಲಿ ಬರೆದುಬಿಟ್ಟೆ. ಕಲಬುರಗಿ ಕಡೆಯ ಹಿರಿಯರೊಬ್ಬರು ಕೂಡಲೇ ಕೇಳಿದರು: "ಅಲ್ಲೇನದ ರೀ? ಬರೇ ಹುಲ್ಲು. ಬೋಳು ಗುಡ್ಡ ಹಸಿರು ಮಾಡೂದು ತಪ್ಪೇನು?"

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಸ್ವಲ್ಪ ಉದ್ದವಾಗಿ ಉತ್ತರ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಇಷ್ಟು ಬರೆದರೆ ಯಾರೂ ಓದುವುದಿಲ್ಲ, ಹಾಗಾಗಿ ಇಲ್ಲಿ.

ಗುಡ್ಡದ ಹುಲ್ಲು ಒಂಟಿಯಾಗಿ ಬದುಕುವುದಿಲ್ಲ. ಅದರ ಮೈಯಲ್ಲಿ, ಬೇರಿನಲ್ಲಿ ಶಿಲೀಂಧ್ರಗಳು, ಅಂದರೆ ಬೂಷ್ಟಿನ ಬಳಗದ ಜೀವಿಗಳು ಇರುತ್ತವೆ. ನಾವು ಕೀಳುವಾಗ ಹುಲ್ಲನ್ನಷ್ಟೇ ಕೀಳುವುದಿಲ್ಲ.

ಚಳಿ ಸೀಮೆಯ ಬೆಟ್ಟಗಳಿಂದ ಶುರು ಮಾಡುತ್ತೇನೆ. ಈ ವಿಷಯವನ್ನು ಹೆಚ್ಚು ಆಳವಾಗಿ ಕೆದಕಿರುವುದು ಅಲ್ಲೇ. ಗೋಧಿ, ಬಾರ್ಲಿಗೆ ದೂರದ ನೆಂಟರಾದ ಕಾಡು ಹುಲ್ಲುಗಳಲ್ಲಿ ಎಪಿಕ್ಲೋಯಿ ಅನ್ನುವ ಶಿಲೀಂಧ್ರ ಇರುತ್ತದೆ. ಎಲೆಯ ಬುಡ, ಕಾಂಡ, ತೆನೆ, ಬೀಜ ಇವು ಅದರ ಜಾಗ. ಜೀವಕೋಶದ ಒಳಕ್ಕೆ ನುಗ್ಗದೆ ಕೋಶಗಳ ನಡುವಿನ ಸಂದಿಯಲ್ಲಿ ಸಣ್ಣ ಎಳೆಯಾಗಿ ಹರಡುತ್ತದೆ. ಎಲೆ ಉದ್ದವಾದಂತೆ ಎಳೆಯೂ ಜೊತೆಗೇ ಉದ್ದವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುಲ್ಲು ಬೀಜ ಕಟ್ಟಿದಾಗ ಶಿಲೀಂಧ್ರ ಬೀಜದೊಳಗೂ ಸೇರುತ್ತದೆ. ತವರಿನ ಹೆಪ್ಪು ಮಗಳ ಮನೆಯ ಮೊಸರಿಗೆ ದಾಟಿದ ಹಾಗೆ ತಾಯಿ ಹುಲ್ಲಿನಿಂದ ಮರಿ ಹುಲ್ಲಿಗೆ ಹೋಗುತ್ತದೆ.

ಇರಲು ಜಾಗ ಕೊಟ್ಟದ್ದಕ್ಕೆ ಬದಲಾಗಿ ಅದು ಹುಲ್ಲಿಗೆ ಕೊಡುವುದು ವಿಷ, ಮೇಯಲು ಬಂದವರನ್ನು ದೂರ ಇಡುವ ವಿಷ. ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಯಾಕ್ರಮೆಂಟೊ ಅಂತ ಬೆಟ್ಟಸಾಲಿದೆ. ಅಲ್ಲಿನ ಒಂದು ಕಾಡು ಹುಲ್ಲಿಗೆ ಜನ ಸ್ಲೀಪಿ ಗ್ರಾಸ್ ಅಂತಲೇ ಹೆಸರಿಟ್ಟಿದ್ದಾರೆ. ತಿಂದ ಕುದುರೆ ಎರಡು ಮೂರು ದಿನ ಮಂಪರಿನಲ್ಲಿ ನಿಂತಿರುತ್ತದಂತೆ. ವಾಯವ್ಯ ಚೀನಾದ ಗಾನ್ಸು, ಶಿನ್‌ಜಿಯಾಂಗ್ ಕಡೆಯ ಮೇವಿನ ಬಯಲುಗಳಲ್ಲಿ ಕುದುರೆಗೆ ಅಮಲೇರಿಸುವ ಇನ್ನೊಂದು ಹುಲ್ಲಿದೆ. ಸ್ಥಳೀಯ ದನಕರು ಅದನ್ನು ಮುಟ್ಟುವುದಿಲ್ಲ. ಅತಿಯಾಗಿ ಮೇಯಿಸಿದ ಬಯಲಿನಲ್ಲಿ ಉಳಿದ ಹುಲ್ಲೆಲ್ಲ ಖಾಲಿಯಾಗಿ ಅದೊಂದೇ ಹಬ್ಬುತ್ತದೆ. ಎರಡರಲ್ಲೂ ಅಮಲು ಬರಿಸುವ ರಾಸಾಯನಿಕ ತಯಾರಾಗುವುದು ಒಳಗಿನ ಶಿಲೀಂಧ್ರದಿಂದ.

ಇಷ್ಟು ಓದಿ "ಆಹಾ, ಪ್ರಕೃತಿಯ ಸ್ನೇಹ" ಅನ್ನಬೇಡಿ. ಕಾಡಿನ ಇಂಟರ್ನೆಟ್, ಮಾತಾಡುವ ಮರ ಅನ್ನುವ ಫಾರ್ವರ್ಡ್‌ಗಳು ನನಗೆ ಸಾಕಾಗಿವೆ. ಸ್ಟ್ಯಾನ್ಲಿ ಫೇಥ್ ಅನ್ನುವ ವಿಜ್ಞಾನಿ ಅರಿಜೋನಾದ ಬೆಟ್ಟಗಳ ಕಾಡು ಫೆಸ್ಕ್ಯೂ ಹುಲ್ಲನ್ನು ವರ್ಷಗಟ್ಟಲೆ ಗಮನಿಸಿದರು. ಶಿಲೀಂಧ್ರ ಇದ್ದ ಹುಲ್ಲಿಗೆ ಅದರಿಂದ ಯಾವಾಗಲೂ ಲಾಭ ಸಿಗುತ್ತಿರಲಿಲ್ಲ. ಕೆಲವು ಕಡೆ ನಷ್ಟವೇ ಕಂಡಿತು. ಸ್ಲೀಪಿ ಗ್ರಾಸ್ ಕೂಡ ಎಲ್ಲ ಗುಡ್ಡದಲ್ಲೂ ಮಲಗಿಸುವುದಿಲ್ಲ. ಒಂದು ಕಡೆ ವಿಷ ವಿಪರೀತ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಮಣ್ಣು, ನೀರು, ಮೇಯುವ ಪ್ರಾಣಿ, ಶಿಲೀಂಧ್ರದ ತಳಿ ಎಲ್ಲ ನೋಡಿಕೊಂಡು ನಡೆಯುವ ವ್ಯವಹಾರ ಇದು. ನನಗೆ ಇಷ್ಟವಾಗುವುದೂ ಇದೇ.

ಕೆಲವು ಜಾತಿಯ ಎಪಿಕ್ಲೋಯಿ ಅಂತೂ ಹುಲ್ಲಿಗೆ ಹೂ ಬಿಡಲು ಬಿಡುವುದಿಲ್ಲ. ತೆನೆ ಹೊರಡುವ ಹೊತ್ತಿಗೆ ಕಾಂಡವನ್ನು ಬಿಳಿ ಕವಚದಂತೆ ಸುತ್ತಿಕೊಂಡು ಕತ್ತು ಹಿಸುಕುತ್ತದೆ. ಅಲ್ಲಿಗೆ ಬೊಟಾನೊಫಿಲಾ ಅನ್ನುವ ನೊಣ ಬರುತ್ತದೆ. ಕವಚವನ್ನು ತಿನ್ನುತ್ತದೆ, ಅದರ ಮೇಲೇ ಮೊಟ್ಟೆ ಇಡುತ್ತದೆ. ಹಾಗೆ ಓಡಾಡುವಾಗ ಒಂದು ಶಿಲೀಂಧ್ರದ ಗಂಡು ಕಣಗಳನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಕಣ ಹೋಗುವುದು ನೊಣದ ಹೊಟ್ಟೆಯಲ್ಲಿ! ಹೂವಿಗೆ ಜೇನು ಮಾಡುವ ಕೆಲಸವನ್ನು ಇಲ್ಲಿ ಬೂಷ್ಟಿಗೆ ನೊಣ ಮಾಡುತ್ತದೆ. ಮೊಣಕಾಲೆತ್ತರದ ಹುಲ್ಲಿನ ನಡುವೆ ಇಷ್ಟೆಲ್ಲ ನಡೆಯುತ್ತಿರುತ್ತದೆ.

ಹುಲ್ಲನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಕೆಂಟಕಿ ರಾಜ್ಯದ ಕಥೆ ಹೇಳಬೇಕು. 1931ರಲ್ಲಿ ಅಲ್ಲಿನ ಗುಡ್ಡದ ಜಮೀನೊಂದರಲ್ಲಿ ಬರಕ್ಕೂ ಬಗ್ಗದ ಫೆಸ್ಕ್ಯೂ ಹುಲ್ಲು ಕೃಷಿ ವಿಜ್ಞಾನಿಗಳ ಕಣ್ಣಿಗೆ ಬಿತ್ತು. 1943ರಲ್ಲಿ ಅದನ್ನೇ ಕೆಂಟಕಿ-31 ಅಂತ ರೈತರಿಗೆ ಕೊಟ್ಟರು. ಕೋಟಿಗಟ್ಟಲೆ ಎಕರೆಗೆ ಹರಡಿತು. ಹುಲ್ಲು ಸೊಗಸು, ಆದರೆ ದನ ಮಾತ್ರ ಸೊರಗತೊಡಗಿದವು. ಬೇಸಿಗೆಯಲ್ಲಿ ಏದುಸಿರು. ಚಳಿಯಲ್ಲಿ ಕಾಲು, ಬಾಲದ ತುದಿಗೆ ರಕ್ತ ಹರಿಯದೆ ಕೊಳೆತ. 1977ರಲ್ಲಿ ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು ಇದರ ಮೂಲ ಹುಲ್ಲಿನೊಳಗಿನ ಶಿಲೀಂಧ್ರದಲ್ಲಿದೆ ಅಂತ ತೋರಿಸಿದರು. ಸರಿ, ಶಿಲೀಂಧ್ರ ಇಲ್ಲದ ಬೀಜ ಬಿತ್ತಿದರು. ದನ ಚೇತರಿಸಿಕೊಂಡವು, ಹುಲ್ಲು ಸೋತಿತು. ಬರ, ಹುಳ, ಮೇಯಿಸುವ ಒತ್ತಡ ಯಾವುದಕ್ಕೂ ತಾಳಲಿಲ್ಲ. ಕೊನೆಗೆ ದನಕ್ಕೆ ವಿಷವಾಗದ ಬೇರೆ ತಳಿಯ ಶಿಲೀಂಧ್ರವನ್ನು ಹುಡುಕಿ ಹುಲ್ಲಿಗೆ ಸೇರಿಸಬೇಕಾಯಿತು. ಇಷ್ಟೆಲ್ಲ ಆದಮೇಲೆ 1999ರಲ್ಲಿ ಕೀತ್ ಕ್ಲೇ ಮತ್ತು ಜೆನ್ನಿ ಹೋಲಾ ಇನ್ನೊಂದು ಸಂಗತಿ ಪ್ರಕಟಿಸಿದರು. ಶಿಲೀಂಧ್ರ ಇರುವ ಫೆಸ್ಕ್ಯೂ ಬೆಳೆದ ತಾಕುಗಳಲ್ಲಿ ನಾಲ್ಕೇ ವರ್ಷದಲ್ಲಿ ಬೇರೆ ಗಿಡಗಳ ಜಾತಿ ಕಡಿಮೆಯಾಗಿದ್ದವು. ಕಣ್ಣಿಗೆ ಕಾಣದ ಒಂದು ಎಳೆ ಇಡೀ ಬಯಲಿನ ಲೆಕ್ಕ ಬದಲಿಸಿತು.

ಈಗ ನಮ್ಮ ಸಹ್ಯಾದ್ರಿಗೆ ಬರೋಣ. ಇಲ್ಲಿಯ ಹುಲ್ಲುಗಳು ಬೇರೆ ಬಳಗದವು. ಬಿಸಿಲು ಬೇಕಾದವು. ಜೋಳದ, ಕಬ್ಬಿನ ನೆಂಟರು. ಸಿಂಹಗಡ ಹತ್ತಿದವರಿಗೆ ಪ್ಯಾಂಟಿಗೆಲ್ಲ ಚುಚ್ಚಿಕೊಳ್ಳುವ ಕುಸಳ ಗೊತ್ತಿರಲೇಬೇಕು, ಅದೂ ಇವರಲ್ಲೊಂದು. ಎಪಿಕ್ಲೋಯಿ ಇವುಗಳ ಸಂಗಾತಿ ಅಲ್ಲ. ಇವುಗಳ ದೊಡ್ಡ ಪಾಲುದಾರ ಇರುವುದು ಬೇರಿನಲ್ಲಿ, ಅದರ ಹೆಸರು ಮೈಕೊರೈಜಾ. ಗುಡ್ಡದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಅದು ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೇರಿನ ರೋಮಕ್ಕಿಂತ ಸಪೂರವಾದ ಶಿಲೀಂಧ್ರದ ಎಳೆಗಳು ಬೇರು ಮುಟ್ಟದ ಸಂದುಗೊಂದಿಗೆ ಹೋಗಿ ಅದನ್ನು ತರುತ್ತವೆ. ಹುಲ್ಲು ಬದಲಿಗೆ ಸಕ್ಕರೆ, ಕೊಬ್ಬು ಕೊಡುತ್ತದೆ. ಗಿಡಗಳು ನೆಲಕ್ಕೆ ಬಂದ ಹೊಸತರಲ್ಲೇ, 40 ಕೋಟಿ ವರ್ಷಗಳ ಹಿಂದೆಯೇ ಈ ಕೊಡುಕೊಳ್ಳುವಿಕೆ ಇತ್ತು ಅನ್ನುವುದಕ್ಕೆ ಸ್ಕಾಟ್ಲೆಂಡಿನ ಕಲ್ಲುಗಳಲ್ಲಿ ಪಳೆಯುಳಿಕೆ ಸಿಕ್ಕಿದೆ. ಗೋವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಈ ಶಿಲೀಂಧ್ರಗಳ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಪುಣೆಯಲ್ಲೇ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ದೇಶದ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹ ಇದೆ. ನಮ್ಮಲ್ಲಿ ಎಷ್ಟೋ ಜನ ದಿನಾ ಅದರ ಮುಂದೆಯೇ ಆಫೀಸಿಗೆ ಹೋಗುತ್ತಾರೆ.

ಈ ಗುಡ್ಡಕ್ಕೆ ನಾವು ಗುದ್ದಲಿ ಹಿಡಿದು ಹೋಗುತ್ತೇವೆ. ಪ್ರತಿ ಗುಂಡಿಯೂ ಎಳೆಗಳ ಬಲೆಯನ್ನು ಕಡಿಯುತ್ತದೆ. ಒಂದೆರಡು ಗುಂಡಿಯಾದರೆ ಬಲೆ ಮತ್ತೆ ಕೂಡಿಕೊಂಡೀತು. ಸಾಲು ಸಾಲಾಗಿ ತೋಡಿ, ಅದರಲ್ಲಿ ಬೇಗ ಬೆಳೆಯುತ್ತದೆ ಅಂತ ಗ್ಲಿರಿಸಿಡಿಯಾ ನೆಟ್ಟರೆ? ಊರಲ್ಲಿ ನಾವು ಗೊಬ್ಬರದ ಗಿಡ ಅನ್ನುವುದು ಇದನ್ನೇ. ಮಧ್ಯ ಅಮೆರಿಕದಿಂದ ಬಂದದ್ದು. ತೋಟದ ಬೇಲಿಗೆ ಒಳ್ಳೆಯದು, ಬೇಡ ಅನ್ನುವುದಿಲ್ಲ. ಪುಣೆಯ ಟೇಕಡಿಗಳ ಮೇಲೆ ಅದು ಈಗಾಗಲೇ ಬೇಕಾದಷ್ಟಿದೆ. ಅದರ ನೆರಳಿಗೆ ಬಿಸಿಲಿನ ಹುಲ್ಲು ಸಾಯುತ್ತದೆ. ಹುಲ್ಲು ಹೋದರೆ ಅದು ಕೊಡುತ್ತಿದ್ದ ಸಕ್ಕರೆ ನಂಬಿದ್ದ ಶಿಲೀಂಧ್ರಗಳ ಕೂಟವೂ ಬದಲಾಗುತ್ತದೆ. ಫೋಟೊದಲ್ಲಿ ಮಾತ್ರ ಎಲ್ಲ ಹಸಿರು.

ತಪ್ಪು ನಮ್ಮ ಗುಂಪಿನದಷ್ಟೇ ಅಲ್ಲ, ಸರ್ಕಾರದ ಬಂಜರು ಭೂಮಿಯ ನಕ್ಷೆಯಲ್ಲೇ ಎಷ್ಟೋ ಹುಲ್ಲುಗಾವಲು ಸೇರಿಕೊಂಡಿವೆ. ಪುಣೆ ಹತ್ತಿರದ ಸಾಸ್ವಡದ ಕಡೆ ತೋಳಗಳು ಓಡಾಡುವ ಹುಲ್ಲು ಬಯಲಿದೆ. ಅದನ್ನು ಬಂಜರು ಅಂದರೆ ತೋಳಕ್ಕೆ ಏನು ಹೇಳೋಣ?

ಹಾಗಾದರೆ ಭಾನುವಾರ ಏನು ಮಾಡೋದು ಅಂತ ಕೇಳುತ್ತೀರಿ. ಗ್ಲಿರಿಸಿಡಿಯಾದ ಎಳೆ ಸಸಿಗಳನ್ನು ಕೀಳಲು ಅರಣ್ಯ ಇಲಾಖೆಯ ಅನುಮತಿ ಕೇಳೋಣ. ಮರ ನೆಡಲೇಬೇಕು ಅಂದರೆ ಸೊಸೈಟಿ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ನೆಡೋಣ, ಅಲ್ಲಿ ನೆರಳು ನಿಜವಾಗಿ ಬೇಕು. ಗುಡ್ಡದ ಹುಲ್ಲು ಬೀಜ ಉದುರಿಸುವವರೆಗೆ ಅದಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳೋಣ. ಅಂಗಡಿಯ ಹುಲ್ಲುಬೀಜ ತಂದು ಎರಚುವುದು ಬೇಡ. ಗುಡ್ಡದ ಬೀಜ ಗುಡ್ಡದಲ್ಲೇ ಬೀಳಲಿ.

ಇನ್ನೊಂದು ಕೆಲಸ ಗುಂಪಿನಲ್ಲಿ ಬಯಾಲಜಿ ಓದುತ್ತಿರುವ ಮಕ್ಕಳಿಗೆ. ಒಂದು ಹುಲ್ಲಿನ ಸಣ್ಣ ಬೇರು ಸಾಕು, ಇಡೀ ಬುಡ ಕೀಳಬೇಡಿ. ಕಾಲೇಜು ಲ್ಯಾಬ್‌ನಲ್ಲಿ ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ, ತೊಳೆದು, ವಿನೆಗರ್‌ಗೆ ಫೌಂಟನ್ ಪೆನ್ನಿನ ಕಪ್ಪು ಇಂಕು ಬೆರೆಸಿ ಅದರಲ್ಲಿ ಕುದಿಸಿ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಬೇರಿನ ಕೋಶದೊಳಗೆ ಸಣ್ಣ ಮರದ ಹಾಗೆ ಕವಲೊಡೆದ ಶಿಲೀಂಧ್ರ ಕಾಣುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಟೀಚರ್ ಪಕ್ಕದಲ್ಲಿ ಇರಲಿ. ಫೋಟೊ ತೆಗೆದರೆ ಗುಂಪಿಗೆ ಹಾಕಿ, ಕಲಬುರಗಿ ಸರ್‌ಗೂ ತೋರಿಸೋಣ.