ಹಗಲಲ್ಲಿ ಕಂಡ ಅರುಂಧತಿ

ನಮ್ಮ ಮದುವೆಗೆ ಆರುನೂರು ಜನ ಬಂದಿದ್ದರು. ಎರಡನೇ ಪಂಕ್ತಿಗೇ ಹೋಳಿಗೆ ಮುಗಿದು ದೊಡ್ಡ ರಂಪವಾಯಿತು. ಹಾಸನದ ನಮ್ಮ ಬೀದಿಯಲ್ಲಿ ಇವತ್ತಿಗೂ ಅದರದ್ದೇ ಮಾತು. ಇಷ್ಟಾದರೂ ಆಸ್ಟ್ರೇಲಿಯಾ ಸರ್ಕಾರಕ್ಕೆ ಅನುಮಾನ: ಈ ಮದುವೆ ನಿಜವಾ?

ನಮ್ಮವರಿಗೆ ಮೆಲ್ಬರ್ನ್‌ನಲ್ಲಿ ಕೆಲಸ. ಮದುವೆಯಾದ ಹತ್ತೊಂಬತ್ತನೇ ದಿನಕ್ಕೆ ರಜೆ ಮುಗಿದು ಹೊರಟರು. ನಾನು ಹಾಸನದಲ್ಲೇ ಕೂತು 309 ನಂಬರಿನ ತಾತ್ಕಾಲಿಕ ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದೆ. ಮದುವೆ ರಿಜಿಸ್ಟರ್ ಮಾಡಿಸಿದ ಸರ್ಟಿಫಿಕೇಟ್ ಇದ್ದರೆ ಸಾಕು ಅಂದುಕೊಂಡಿದ್ದೆ. ಸಾಲದಂತೆ. ದುಡ್ಡುಕಾಸು ಹೇಗೆ, ಮನೆವಾರ್ತೆ ಹೇಗೆ, ನಾಲ್ಕು ಜನ ನಿಮ್ಮನ್ನು ಗಂಡ ಹೆಂಡತಿ ಅಂತ ಒಪ್ಪಿದ್ದಾರಾ, ಕೊನೇತನಕ ಬಾಳುವ ಮನಸ್ಸಿದೆಯಾ, ಎಲ್ಲಕ್ಕೂ ಸಾಕ್ಷಿ ಬೇಕು. ಜೊತೆಗೆ ಸಂಬಂಧ ಹೇಗೆ ಬೆಳೆಯಿತು ಅಂತ ಇಬ್ಬರೂ ಬರೆಯಬೇಕು.

ಬೆಳೆಯೋದೆಲ್ಲಿ ಬಂತು? ಹೆಣ್ಣು ನೋಡಲು ಬಂದ ದಿನ ನಮ್ಮಿಬ್ಬರನ್ನು ಮಾತಿಗೆ ಬಿಟ್ಟಿದ್ದೇ ಹತ್ತು ನಿಮಿಷ. ಅದೂ ಬಾಗಿಲು ತೆರೆದಿಟ್ಟು, ಹೊಸಿಲ ಮೇಲೆ ನನ್ನ ತಮ್ಮನನ್ನು ಕೂರಿಸಿ.

ಆದರೂ ಬರೆದೆವು. ಕಳಿಸುವ ಮುಂಚೆ ಅವರದ್ದನ್ನು ಓದಿದರೆ, ಅವತ್ತು ನಾನು ಹಸಿರು ಸೀರೆ ಉಟ್ಟಿದ್ದೆನಂತೆ!

"ರೀ, ನಾನು ಉಟ್ಟಿದ್ದು ನೇರಳೆ. ಹಸಿರು ಉಟ್ಟಿದ್ದು ಯಾರು?"

ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಅದು ಚನ್ನರಾಯಪಟ್ಟಣದ ಹುಡುಗಿ ಇರಬೇಕು..."

ಆಮೇಲೆ ನಡೆದ ಜಗಳದ ರೆಕಾರ್ಡಿಂಗ್ ಇದ್ದಿದ್ದರೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಇಂಗ್ಲಿಷ್‌ನಲ್ಲಿ ಇಲ್ಲದ ಕಾಗದಕ್ಕೆಲ್ಲ ಅನುವಾದ ಬೇಕು. ಆಸ್ಟ್ರೇಲಿಯಾದಲ್ಲೇ ಮಾಡಿಸುವುದಾದರೆ 'ನಾಟಿ' ಅನ್ನೋ ಸಂಸ್ಥೆಯ ಮಾನ್ಯತೆ ಇರುವವರು ಮಾಡಬೇಕು. "ನಾಟಿ ಕೋಳಿ ಗೊತ್ತು, ನಾಟಿ ಅನುವಾದ ಯಾವುದಪ್ಪಾ?" ಅಂದರು ನಮ್ಮ ಮಾವ. ಲಗ್ನಪತ್ರಿಕೆ ನೋಡಿದ ಮೆಲ್ಬರ್ನ್ ಏಜೆಂಟರದ್ದು ಬೇರೆ ತಕರಾರು: 'ಚಿ. ಸೌ.' ಅಂತ ಹೆಸರಿನ ಮುಂದೆ ಇದೆಯಲ್ಲ, ಪಾಸ್‌ಪೋರ್ಟ್‌ನಲ್ಲಿ ಯಾಕಿಲ್ಲ?

ಚಾಟ್ ಕೂಡ ಕೊಟ್ಟೆವು. ಮೆಲ್ಬರ್ನ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಅವರ ರಾತ್ರಿ ಊಟಕ್ಕೆ ನನ್ನ ಸಂಜೆ ಕಾಫಿ. ಹಾಗಾಗಿ ತಿಂಗಳುಗಟ್ಟಲೆ ಇದೇ: 'ಊಟ ಆಯ್ತಾ?' 'ಆಯ್ತು. ನಿಂದು ಕಾಫಿ?' 'ಆಯ್ತು.' ಓದಿದ ಆಫೀಸರ್ ಇದೇನೋ ಗುಪ್ತ ಸಂಕೇತ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ನಿಜವಾಗಿ ಸಿಕ್ಕಿಬಿದ್ದದ್ದು ಮನೆಗೆಲಸ ಹೇಗೆ ಹಂಚಿಕೊಳ್ಳುತ್ತೀರಿ ಅನ್ನೋ ಕಡೆ. ಆ ಹತ್ತೊಂಬತ್ತು ದಿನ ಅತ್ತೆ ನನ್ನನ್ನು ಒಲೆ ಹತ್ತಿರ ಬಿಟ್ಟಿರಲಿಲ್ಲ. ಮಗನನ್ನಂತೂ ಹುಟ್ಟಿದಾಗಿನಿಂದ ಬಿಟ್ಟಿಲ್ಲ. 'ಎಲ್ಲ ಅತ್ತೆಯೇ ಮಾಡುತ್ತಾರೆ' ಅಂತ ಬರೆಯೋಕಾಗುತ್ತಾ? 'ಕಾಫಿ ನಾನು ಸೋಸುತ್ತೇನೆ, ಕುಡಿದ ಲೋಟ ಅವರು ತೊಳೆದಿಡುತ್ತಾರೆ' ಅಂತ ಬರೆದೆ.

"ಲೋಟ ತೊಳೆದಿದ್ದು ಯಾವಾಗ? ಸುಳ್ಳು ಬರೆದರೆ ವೀಸಾನೇ ಹೋಗುತ್ತೆ" ಅಂದರು.

"ಮಟಮಟ ಮಧ್ಯಾಹ್ನ ಪುರೋಹಿತರು ಅರುಂಧತಿ ನಕ್ಷತ್ರ ಕಾಣ್ತಾ ಅಂದಾಗ, ಹೂಂ ಕಾಣ್ತು ಅಂದಿದ್ದು ಯಾರು?"

ಕೊನೆಗೆ ಭಯ ಗೆದ್ದಿತು. 'ತೊಳೆದಿಡುತ್ತಾರೆ' ಹೋಗಿ 'ಇನ್ನು ಮುಂದೆ ತೊಳೆದಿಡುತ್ತಾರೆ' ಅಂತಾಯಿತು. ಸರ್ಕಾರಕ್ಕೆ ಬರೆದುಕೊಟ್ಟ ಮಾತು ನೋಡಿ, ವೀಸಾ ಸಿಕ್ಕಿ ನಾನು ಇಲ್ಲಿ ಮೆಲ್ಬರ್ನ್‌ಗೆ ಬಂದ ದಿನದಿಂದ ಲೋಟ ಅವರೇ ತೊಳೆಯುತ್ತಿದ್ದಾರೆ.

ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ 100 ನಂಬರಿನ ಖಾಯಂ ವೀಸಾದ ಸರದಿ. ಮತ್ತೆ ಸಾಕ್ಷಿ. ಈ ಸಲ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಕರೆಂಟ್ ಬಿಲ್ಲು, ಎಲ್ಲ ಇತ್ತು. ಜೊತೆಯಾಗಿರುವ ಫೋಟೋ ಮಾತ್ರ ಇಲ್ಲ. ಯಾವಾಗಲೂ ಒಬ್ಬರು ಫೋನ್ ಹಿಡಿದಿರುತ್ತೇವೆ, ಅಲ್ವಾ?

ಎಲ್ಲ ಅಪ್‌ಲೋಡ್ ಆದ ರಾತ್ರಿ ಬಾಲ್ಕನಿಗೆ ಬಂದು ನಿಂತೆವು. ಆಕಾಶ ಚೆನ್ನಾಗಿತ್ತು.

"ಈಗಲಾದರೂ ಅರುಂಧತಿ ತೋರಿಸಿ ನೋಡೋಣ" ಅಂದೆ.

ಅವರು ಫೋನ್ ತೆಗೆದು ಬಹಳ ಹೊತ್ತು ಹುಡುಕಿದರು. "ಇದು ದಕ್ಷಿಣದ ದೇಶ ಕಣೇ. ಅರುಂಧತಿ ಇಲ್ಲಿ ಹುಟ್ಟೋದೇ ಇಲ್ಲ. ರಾತ್ರೀನೂ ಕಾಣಲ್ಲ."

"ಮೆಲ್ಲಗೆ ಹೇಳಿ. ಅರ್ಜಿ ಇನ್ನೂ ಅವರ ಹತ್ತಿರ ಇದೆ."