ಬಿಯರ್ ಓದಲು ಕಲಿತದ್ದು

"ಮಾವ, ನಿಮಗೆ ಬಿಯರ್ ಕುಡಿಯಲಿಕ್ಕೆ ಬರುವುದಿಲ್ಲ."

ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ಹೀಗೆ ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಆಶ್ಚರ್ಯ ಆಯಿತು. ಮೂವತ್ತು ವರ್ಷದ ಸರ್ವಿಸ್ ನನ್ನದು. ಓಪನರ್ ಇಲ್ಲದ ಕಡೆ ಅಡಿಕೆ ಕತ್ತಿಯಲ್ಲಿ ಮುಚ್ಚಳ ಹಾರಿಸಿದವ ನಾನು. ಇನ್ನು ಕಲಿಯಲಿಕ್ಕೆ ಬಾಕಿ ಇದ್ದದ್ದು ಎಂತದು ಮಾರಾಯ?

"ನೀವು ಮಾಡುವುದು ಕುಡಿಯುವುದಲ್ಲ, ನುಂಗುವುದು. ಸ್ವಲ್ಪ ಸ್ವಲ್ಪವೇ ಮಾಡುವ ಕ್ರಾಫ್ಟ್ ಬಿಯರನ್ನು ಓದಬೇಕು" ಎಂದ.

ಓದುಗರೇ ಇಲ್ಲ ಅಂತ ನಮ್ಮ ಗಡಿನಾಡಿನ ಸಾಹಿತ್ಯ ಸಭೆಗಳಲ್ಲಿ ಪ್ರತಿಸಲ ಕಣ್ಣೀರು ಹಾಕುತ್ತಾರೆ. ಪಾಪ, ಅವರು ಲೈಬ್ರರಿಯಲ್ಲಿ ಹುಡುಕುತ್ತಿದ್ದಾರೆ.

ನಾವು ಕಾಸರಗೋಡಿನವರು ಬಿಯರ್ ಕೊಳ್ಳುವ ಕ್ರಮ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸರ್ಕಾರದ ಬೆವ್ಕೊ ಅಂಗಡಿಯ ಎದುರು ಸಾಲು ಇರುತ್ತದೆ. ಬಸ್ಸು ಬಂದರೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ, ಇಲ್ಲಿ ಮಾತ್ರ ಧ್ವಜವಂದನೆಗೆ ನಿಂತ ಶಾಲೆ ಮಕ್ಕಳ ಹಾಗೆ ನಿಲ್ಲುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. 2020ರ ಮೇ ಕೊನೆಗೆ, ಕೊರೊನಾ ಕಾಲದಲ್ಲಿ, ಬೆವ್‌ಕ್ಯೂ ಎಂಬ ಆಪ್ ಬಂದು ಆ ಸಾಲನ್ನು ಮೊಬೈಲಿನ ಒಳಗೂ ನಿಲ್ಲಿಸಿತ್ತು. ಕೌಂಟರಿನ ಹತ್ತಿರ ತಲುಪಿದರೆ ಅಲ್ಲಿ ಬಿಯರಿನ ಬಗ್ಗೆ ನಡೆಯುವ ವಿಮರ್ಶೆ ಒಂದೇ ವಾಕ್ಯದ್ದು: "ಚೇಟ್ಟಾ, ತಣುತ್ತದುಂಡೋ?" ತಣ್ಣಗಿನದ್ದು ಇದ್ದರೆ ಒಳ್ಳೆಯ ಬಿಯರ್. ಇಲ್ಲದಿದ್ದರೆ ಕೆಟ್ಟ ಬಿಯರ್. ಅಷ್ಟೇ.

ಆಮೇಲೆ ಬಾಟಲಿಗೆ ಪೇಪರ್ ಸುತ್ತುವ ಕೆಲಸ. ನಾನು ಮನೆಯಿಂದಲೇ ಹಳೆ ಪೇಪರ್ ಒಯ್ಯುತ್ತೇನೆ. ಒಮ್ಮೆ ಅವಸರದಲ್ಲಿ ಒಯ್ದ ಹಾಳೆಯಲ್ಲಿ ನನ್ನದೇ ಅಂಕಣ ಇತ್ತು. ನನ್ನ ಬರಹದಿಂದ ಸಮಾಜಕ್ಕೆ ನೇರವಾಗಿ ಆದ ಉಪಯೋಗ ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಪೇಪರ್ ಸುತ್ತುವುದರಲ್ಲಿ ನಾವು ಒಬ್ಬರೇ ಅಲ್ಲ, ಸರ್ಕಾರಕ್ಕೂ ಆ ಅಭ್ಯಾಸ ಉಂಟು. ಅದು ಶಬ್ದ ಸುತ್ತುತ್ತದೆ, ಅಷ್ಟೇ ವ್ಯತ್ಯಾಸ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಷೇಧ ಆಯಿತು. 2014ರಲ್ಲಿ ಪಂಚತಾರಾ ಹೋಟೆಲು ಬಿಟ್ಟು ಉಳಿದ ಬಾರುಗಳಿಗೆ ಬಾಗಿಲು ಹಾಕಿಸಿದರು. ಆಗ ಅದೇ ಕಟ್ಟಡ, ಅದೇ ಕುರ್ಚಿ, ಅದೇ ಕಡಲೆ ಇಟ್ಟುಕೊಂಡು ಎಷ್ಟೋ ಬಾರುಗಳು "ಬಿಯರ್ ಆ್ಯಂಡ್ ವೈನ್ ಪಾರ್ಲರ್" ಆದವು. ಬ್ಯೂಟಿ ಪಾರ್ಲರ್, ಐಸ್‌ಕ್ರೀಂ ಪಾರ್ಲರ್ ಇದ್ದ ಹಾಗೆ. ಮೂರು ವರ್ಷ ಕಳೆದು ಪಾರ್ಲರುಗಳು ಮತ್ತೆ ಬಾರಾದವು. ಅದೇ 2017ರಲ್ಲಿ ಕುಡಿಯುವ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು. ವೋಟಿಗೆ 18, ಹುಡುಗನ ಮದುವೆಗೆ 21, ಬಿಯರಿಗೆ 23. ಅಂದರೆ ಸರ್ಕಾರದ ಲೆಕ್ಕದಲ್ಲಿ ಮುಖ್ಯಮಂತ್ರಿಯನ್ನು ಆರಿಸುವುದು ಸುಲಭ, ಹೆಂಡತಿಯನ್ನು ಆರಿಸುವುದು ಸ್ವಲ್ಪ ಕಷ್ಟ, ಬಿಯರ್ ಆರಿಸುವುದಕ್ಕೇ ನಿಜವಾದ ಬುದ್ಧಿ ಬಲಿಯಬೇಕು. ಈ ಲೆಕ್ಕದಲ್ಲಿ ನನ್ನ ಅಳಿಯ ಹೇಳಿದ್ದು ತಪ್ಪಲ್ಲ.

ಇನ್ನು ತಿಂಗಳ 1ನೇ ತಾರೀಕು ಕೇರಳಕ್ಕೆ ಡ್ರೈ ಡೇ. ನವೆಂಬರ್ 1 ಕೂಡ 1ನೇ ತಾರೀಕೇ ಅಲ್ವಾ? 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು ಅದೇ ದಿನ. ಅತ್ತ ರಾಜ್ಯೋತ್ಸವ, ಇತ್ತ ಕೇರಳಪ್ಪಿರವಿ. ಸಂಭ್ರಮಪಡುವವನಿಗೂ ಇಲ್ಲ, ಬೇಸರ ಮರೆಯಬೇಕಾದವನಿಗೂ ಇಲ್ಲ. ಇಂಥ ದಿನಗಳಲ್ಲಿ ಕರ್ನಾಟಕದ ಗಡಿಯ ತಲಪಾಡಿ ಕಡೆ ಹೋಗುವ ಬಸ್ಸು ಹತ್ತುವವರಲ್ಲಿ ಕನ್ನಡಾಭಿಮಾನ ಸ್ವಲ್ಪ ಜಾಸ್ತಿ ಕಾಣಿಸುತ್ತದೆ.

ಅಳಿಯ ನನ್ನನ್ನೂ ಅದೇ ಬಸ್ಸು ಹತ್ತಿಸಿದ. ಮಂಗಳೂರಿನ ಒಂದು ಪಬ್ಬಿನಲ್ಲಿ, ಬಿಯರ್ ಬೇಯಿಸುವ ತಾಮ್ರದ ಬಣ್ಣದ ಹಂಡೆಗಳ ಪಕ್ಕದಲ್ಲಿ, ಹೊಸಬರಿಗೆ ಬಿಯರ್ ರುಚಿ ನೋಡಲು ಕಲಿಸುವ ತರಗತಿ. ಫೀಸು ಎರಡು ಕಿಲೋ ಚಾಲಿ ಅಡಿಕೆಯ ಬೆಲೆ. ಪಾಠ ಮಾಡುವ ಹುಡುಗ ಗಡ್ಡ ಬಿಟ್ಟು ಚರ್ಮದ ಏಪ್ರನ್ ಕಟ್ಟಿದ್ದ. ಕಮ್ಮಾರನಾ ಮಾಷ್ಟ್ರಾ ಅಂತ ಗೊತ್ತಾಗುತ್ತಿರಲಿಲ್ಲ.

"ಮೊದಲು ಒಂದು ಫ್ಲೈಟ್ ತಗೊಳ್ಳೋಣ" ಎಂದ ಮಾಷ್ಟ್ರು.

ಕಾಸರಗೋಡಿನವನ ಹತ್ತಿರ ಫ್ಲೈಟ್ ಅಂದರೆ ಅವನು ಕೇಳುವುದು ಎರಡೇ. ದುಬೈಗಾ, ದೋಹಾಕ್ಕಾ? ಲಗೇಜ್ ಎಷ್ಟು ಕಿಲೋ? ಇಲ್ಲಿ ಫ್ಲೈಟ್ ಅಂದರೆ ಒಂದು ಹಲಗೆಯ ಮೇಲೆ ಸಾಲಾಗಿ ಇಟ್ಟ ನಾಲ್ಕು ಪುಟ್ಟ ಗ್ಲಾಸು. ತಿಳಿಯಿಂದ ಕಪ್ಪಿಗೆ, ಸಪ್ಪೆಯಿಂದ ಖಡಕ್ಕಿಗೆ ಅಂತ ಕ್ರಮ. ಗ್ಲಾಸು ಪೂರ್ತಿ ತುಂಬಿಸಿರಲಿಲ್ಲ. ಮೇಲೆ ಪರಿಮಳ ನಿಲ್ಲಲಿಕ್ಕೆ ಜಾಗ ಬಿಡಬೇಕಂತೆ. ಆ ಜಾಗಕ್ಕೂ ಬಿಲ್ಲು ಉಂಟಾ ಅಂತ ಕೇಳಬೇಕೆನಿಸಿತು, ಅಳಿಯನ ಮುಖ ನೋಡಿ ಸುಮ್ನೆ ಕೂತೆ.

ನಾನು ಕಲಿತದ್ದನ್ನೆಲ್ಲ ಮೊದಲು ಮರೆಯಬೇಕಾಯಿತು. ನೊರೆ ಬಂದರೆ ನಷ್ಟ ಅಂತ ಗ್ಲಾಸನ್ನು ಓರೆ ಮಾಡಿ ಹೊಯ್ಯುವವ ನಾನು. ಇಲ್ಲಿ ನೊರೆ ಬೇಕು, ಪರಿಮಳ ಹತ್ತಿ ಬರುವುದೇ ಅದರ ಜೊತೆ. ಐಸಿನ ಹಾಗೆ ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ರುಚಿಯೇ ಗೊತ್ತಾಗುವುದಿಲ್ಲವಂತೆ. ಅಂದರೆ ಬೆವ್ಕೊ ಕೌಂಟರಿನ ನಮ್ಮ ಏಕೈಕ ಪ್ರಶ್ನೆಯೇ ಸಿಲೆಬಸ್ಸಿನ ಹೊರಗಿನದ್ದು. ವೈನ್ ರುಚಿ ನೋಡುವವರು ಬಾಯಿಗೆ ಹಾಕಿ ಉಗುಳುತ್ತಾರೆ, ಬಿಯರ್ ಮಾತ್ರ ನುಂಗಬೇಕು, ಕಹಿ ಗಂಟಲಿನ ಹತ್ತಿರ ಸರಿಯಾಗಿ ತಿಳಿಯುತ್ತದೆ ಎಂದ. ಹಾಗಾದರೆ ನಾನು ಮೂವತ್ತು ವರ್ಷ ಮಾಡಿದ್ದೂ ಅದನ್ನೇ ಅಲ್ವಾ ಅಂತ ಅಳಿಯನ ಕಡೆ ತಿರುಗಿದೆ. ಅವನು ಗ್ಲಾಸಿನೊಳಗೆ ಮೂಗು ಇಟ್ಟಿದ್ದ.

ಮೊದಲನೆಯದು ಗೋಧಿ ಬಿಯರ್. "ಎಂತ ಪರಿಮಳ ಬರ್ತದೆ?" ಎಂದು ಮಾಷ್ಟ್ರು ಕೇಳಿದ. ಒಬ್ಬಳು ಹುಡುಗಿ "ಬಾಳೆಹಣ್ಣು" ಎಂದಳು. ಇನ್ನೊಬ್ಬ "ಲವಂಗ" ಎಂದ. ಇಬ್ಬರಿಗೂ ಶಹಭಾಸ್ ಸಿಕ್ಕಿತು. ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎರಡೂ ಬಿಯರನ್ನು ಹುದುಗಿಸುವ ಈಸ್ಟಿನ ಕೆಲಸ ಅಂತ ವಿವರಿಸಿದ. ಇದು ನನಗೆ ನಿಜವಾಗಿ ಹಿಡಿಸಿತು. ಮೂಗು ಇಟ್ಟು ನೋಡಿದೆ. ಹೌದು, ಉಂಟು.

"ಯಾವ ಬಾಳೆಹಣ್ಣು?" ಎಂದು ಕೇಳಿದೆ.

"ಯಾವ ಅಂದರೆ? ಬನಾನಾ ಸಾರ್."

"ನೇಂದ್ರವಾ, ಕದಳಿಯಾ, ಮೈಸೂರಾ?"

ಅವನ ಚಾರ್ಟಿನಲ್ಲಿ ಒಂದೇ ಬಾಳೆಹಣ್ಣು ಇತ್ತು. ಪ್ರತಿಯೊಬ್ಬರಿಗೂ ಕೊಟ್ಟಿದ್ದ ಆ ಚಾರ್ಟು ಒಂದು ದೊಡ್ಡ ಬಣ್ಣದ ಚಕ್ರ. ಇಂಥ ಚಕ್ರವನ್ನು 1970ರ ದಶಕದಲ್ಲಿ ಮೈಲ್‌ಗಾರ್ಡ್ ಎಂಬ ಡೆನ್ಮಾರ್ಕ್ ಮೂಲದ ವಿಜ್ಞಾನಿ ಮಾಡಿದ್ದಂತೆ, ಪಬ್ಬಿನವರು ಅದಕ್ಕೆ ತಮ್ಮದೂ ಸ್ವಲ್ಪ ಸೇರಿಸಿದ್ದರು. ಮೂಗಿಗೆ ಬಂದದ್ದನ್ನು ಚಕ್ರದಲ್ಲಿ ಹುಡುಕಿ ಟಿಕ್ ಹಾಕಬೇಕು. ನನಗೆ ಮೈಸೂರು ಬಾಳೆಯ ಪರಿಮಳ ಬಂದಿತ್ತು, ಸ್ವಲ್ಪ ಹೆಚ್ಚೇ ಹಣ್ಣಾದದ್ದು, ಗೊನೆಯ ಬುಡದ ಚಿಪ್ಪಿನದ್ದು. ಟಿಕ್ ಹಾಕಲಿಕ್ಕೆ ಜಾಗ ಇರಲಿಲ್ಲ.

ಎರಡನೆಯದು ಐಪಿಎ. ಇಂಡಿಯಾ ಪೇಲ್ ಏಲ್. ಇಂಗ್ಲೆಂಡಿನಿಂದ ಇಲ್ಲಿದ್ದ ತಮ್ಮವರಿಗೆ ಹಡಗಿನಲ್ಲಿ ಕಳಿಸುವಾಗ ಹಾಳಾಗದಿರಲಿ ಅಂತ ಬ್ರಿಟಿಷರು ಕಹಿ ಕೊಡುವ ಹಾಪ್ ಹೂವನ್ನು ಜಾಸ್ತಿ ಹಾಕುತ್ತಿದ್ದರು. ಹೆಸರು ನಮ್ಮದು, ಗಂಟಲು ಅವರದ್ದು. ಈಗ ಇನ್ನೂರು ವರ್ಷ ಕಳೆದು ನಮ್ಮ ಪಾಲು ಬಂದಿದೆ. ಕಹಿಗೆ ಐಬಿಯು ಎಂಬ ಅಳತೆ ಉಂಟು. ಸಾಮಾನ್ಯ ಲಾಗರ್ ಬಿಯರಿಗೆ 10ರಿಂದ 20, ಐಪಿಎಗೆ 40ರಿಂದ 70. ಪಕ್ಕದ ಟೇಬಲಿನ ಹುಡುಗರು ಒಂದು ಗುಟುಕಿಗೆ ಕಣ್ಣು ಮುಚ್ಚಿ "ವ್ಹಾ, ಎಂಥಾ ಕಹಿ" ಎಂದರು. ಇವರ ವಯಸ್ಸಿನಲ್ಲಿ ನಮಗೆ ಜ್ವರ ಬಂದರೆ ಅಮ್ಮ ಕಿರಾತಕಡ್ಡಿ ಕಷಾಯ ಕುಡಿಸುತ್ತಿದ್ದಳು. ಮೂಗು ಒತ್ತಿ ಹಿಡಿಯಲಿಕ್ಕೆ ಇಬ್ಬರು ಬೇಕಾಗುತ್ತಿತ್ತು. ವ್ಹಾ ಎಂದವರನ್ನು ನಾನು ಕಂಡಿಲ್ಲ. ಒಂದು ಹಲಗೆಯ ಮೇಲೆ ಪುಟ್ಟ ಗ್ಲಾಸಿನಲ್ಲಿ ಇಟ್ಟು ಕೊಟ್ಟಿದ್ದರೆ ಏನಾಗುತ್ತಿತ್ತೋ.

ಮೂರನೆಯದು ಸ್ಟೌಟ್, ಕಪ್ಪು, ಹುರಿದ ಬಾರ್ಲಿಯದ್ದು. ಚೆನ್ನಾಗಿತ್ತು. ಅದರ ಬಗ್ಗೆ ತಮಾಷೆ ಇಲ್ಲ.

ನಾಲ್ಕನೆಯ ಗ್ಲಾಸು ಬಂದಾಗ ಮಾಷ್ಟ್ರು ಸ್ವರ ತಗ್ಗಿಸಿದ. ಇದು ಹುಳಿ ಬಿಯರ್, ಕಾಡು ಈಸ್ಟಿನದ್ದು, ಎಲ್ಲರಿಗೂ ಅರ್ಥ ಆಗುವುದಿಲ್ಲ. ಮೂಗಿಟ್ಟೆ. ಬಹಳ ಪರಿಚಯದ ವಾಸನೆ. ಎಲ್ಲಿಯದ್ದು ಅಂತ ತಿಳಿಯಲು ಎರಡು ಸೆಕೆಂಡು ಬೇಕಾಯಿತು, ಅಷ್ಟೇ.

"ದನದ ಹಟ್ಟಿ" ಎಂದೆ.

ಅಳಿಯ ತಲೆ ತಗ್ಗಿಸಿದ. ಮಾಷ್ಟ್ರು ಮಾತ್ರ ಕುಣಿದ. "ಸರಿಯಾಗಿ ಹೇಳಿದಿರಿ ಸಾರ್! ಬಾರ್ನ್‌ಯಾರ್ಡ್!" ಕುದುರೆಯ ಮೇಲೆ ಹೊದಿಸಿದ ಕಂಬಳಿಯ ವಾಸನೆ ಅಂತಲೂ ಹೇಳುತ್ತಾರಂತೆ. ಬೈಗುಳ ಅಲ್ಲ, ಹೊಗಳಿಕೆ. ಹಾಗಾದರೆ ತಪ್ಪು ಯಾವುದು ಎಂದು ಕೇಳಿದೆ. ಬೆಣ್ಣೆಯ ಪರಿಮಳ ಬಂದರೆ ಎಷ್ಟೋ ಬಿಯರಿಗೆ ಅದು ದೋಷ. ಹಸಿರು ಬಾಟಲಿಯಲ್ಲಿ ಬಿಸಿಲು ತಾಗಿದರೆ ಸ್ಕಂಕ್ ಎಂಬ ಪ್ರಾಣಿಯ ನಾತ, ಅದೂ ದೋಷ. ಹಟ್ಟಿ ನಾತ ಗುಣ, ಬೆಣ್ಣೆ ಪರಿಮಳ ದೋಷ. ದನ ಸಾಕಿದವರು ಯಾರೂ ಈ ಚಕ್ರ ಮಾಡಿಲ್ಲ. ಹಟ್ಟಿಯಿಂದ ನೇರ ಒಳಗೆ ಬಂದರೆ "ಮೊದಲು ಕಾಲು ತೊಳೀರಿ" ಅಂತ ಹೆಂಡತಿಯಿಂದ ಬೈಸಿಕೊಳ್ಳುವವ ನಾನು. ಇಲ್ಲಿ ಅದೇ ವಾಸನೆಗೆ ಅಡಿಕೆ ಮಾರಿ ದುಡ್ಡು ಕೊಟ್ಟು ಕೂತಿದ್ದೆ.

ಕೊನೆಗೆ ಮಾಷ್ಟ್ರು ಕ್ರಾಫ್ಟ್ ಬಿಯರಿನ ದೊಡ್ಡಸ್ತಿಕೆ ಹೇಳಿದ. ಸ್ವಲ್ಪ ಸ್ವಲ್ಪವೇ ಮಾಡುವುದು, ಊರಲ್ಲೇ ಮಾಡುವುದು, ತಾಜಾ ಇರುವುದು, ಪ್ರತಿದಿನದ್ದೂ ಒಂದೊಂದು ರುಚಿ. ನನಗೆ ನಮ್ಮೂರಿನ ಕಳ್ಳಿನ ಶಾಪು ನೆನಪಾಯಿತು. ಬಿಳಿ ಬೋರ್ಡಿನ ಮೇಲೆ ಕಪ್ಪಿನಲ್ಲಿ ಎರಡೇ ಅಕ್ಷರ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಆಮೇಲೆ ವಿನೆಗರ್, ಎಲ್ಲ ಕಾಡು ಈಸ್ಟು ಮತ್ತು ಬ್ಯಾಕ್ಟೀರಿಯಾಗಳದ್ದೇ ಕೆಲಸ. ಅದೇ ತೆಂಗಿನ ಅದೇ ಹೊಂಬಾಳೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಐಸಿನ ಪೆಟ್ಟಿಗೆ ಕಟ್ಟಿ ಹುಳಿ ಬರದ ಹಾಗೆ ಇಳಿಸಿದರೆ ಅದು "ಕಲ್ಪರಸ", ನೆಂಟರಿಗೆ ಕೊಡಬಹುದು. ಮೂರ್ತೆಯವ ಮಡಕೆ ಕಟ್ಟಿ ಇಳಿಸಿದರೆ ಕಳ್ಳು, ನೆಂಟರು ಹೋದ ಮೇಲೆ ಕುಡಿಯಬೇಕು. ಇದನ್ನು ಹೇಳಿದ್ದಕ್ಕೆ ಅಳಿಯ, "ಮಾವ, ಅದನ್ನು ಸ್ವಲ್ಪ ಬ್ರ್ಯಾಂಡಿಂಗ್ ಮಾಡಬೇಕು" ಎಂದ. ಅಂದರೆ ಪೇಪರ್ ಸುತ್ತಬೇಕು.

ಒಂದು ಮಾತು ಮಾತ್ರ ತರಗತಿಯಿಂದ ನನ್ನ ತಲೆಯಲ್ಲಿ ಉಳಿಯಿತು. 1516ರಲ್ಲಿ ಬವೇರಿಯಾದಲ್ಲಿ ಒಂದು ಕಾನೂನು ಮಾಡಿದರಂತೆ. ಬಿಯರಿಗೆ ಬಾರ್ಲಿ, ಹಾಪ್, ನೀರು ಬಿಟ್ಟು ಬೇರೆ ಎಂತದೂ ಹಾಕಬಾರದು. ಈಸ್ಟಿನ ಹೆಸರೇ ಇಲ್ಲ, ಅದು ಮಾಡುವ ಕೆಲಸ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನಮ್ಮ ಊರಿನ ಜಾತ್ರೆಯ ಆಮಂತ್ರಣ ಪತ್ರಿಕೆಯ ಹಾಗೆ. ಅಧ್ಯಕ್ಷರು, ಗೌರವಾಧ್ಯಕ್ಷರು, ಎಲ್ಲರ ಹೆಸರೂ ಇರುತ್ತದೆ, ರಾತ್ರಿಯಿಡೀ ಅಡುಗೆ ಮಾಡಿದವನದ್ದು ಬಿಟ್ಟು.

ವಾಪಸ್ ಬರುವಾಗ ತಲಪಾಡಿ ದಾಟಿ ಬಸ್ಸು ನಿಂತಿತು. ಎಕ್ಸೈಸಿನವರು ಹತ್ತಿದರು. ಕರ್ನಾಟಕದ ಬಾಟಲಿ ಕೇರಳಕ್ಕೆ ಬರಬಾರದು. ಹೊಟ್ಟೆಯಲ್ಲಿ ತಂದರೆ ಅಡ್ಡಿ ಇಲ್ಲ, ಅದಕ್ಕೆ ಪರ್ಮಿಟ್ ಬೇಡ. ನನ್ನ ಚೀಲದಲ್ಲಿ ಹಲಸಿನ ಹಪ್ಪಳ ಮತ್ತು ಮಡಚಿದ ಆ ಚಾರ್ಟು ಇತ್ತು. ಆಫೀಸರು ಚಾರ್ಟು ಬಿಡಿಸಿದರು. ಬಣ್ಣಬಣ್ಣದ ಚಕ್ರ, ತುಂಬಾ ಮನೆಗಳು, ಅಲ್ಲಲ್ಲಿ ನಾನು ಹಾಕಿದ ಟಿಕ್ಕು.

"ಜಾತಗಮಾಣೋ?" ಜಾತಕವಾ ಅಂತ ಕೇಳಿದರು.

ಹೌದೆಂದೆ. ಗೌರವದಿಂದ ಮಡಚಿ ಕೊಟ್ಟರು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ದೋಸೆ ಹಿಟ್ಟು ಹುಳಿ ಬಂತಾ ನೋಡಿ ಸ್ವಲ್ಪ. ನನಗೆ ಶೀತ, ಮೂಗು ಕಟ್ಟಿದೆ."

ಹೋಗಿ ಪಾತ್ರೆಯನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿದೆ. ಬೆಳಕಿಗೆ ಹಿಡಿದೆ. ಮೂರು ಸಲ ಚಿಕ್ಕದಾಗಿ ಮೂಸಿದೆ. ಬೆರಳಲ್ಲಿ ತೆಗೆದು ನಾಲಿಗೆಯ ಮೇಲೆ ಇಟ್ಟು ಕಣ್ಣು ಮುಚ್ಚಿದೆ. "ಮೊದಲಿಗೆ ಸಣ್ಣ ಸಿಹಿ, ಮಧ್ಯದಲ್ಲಿ ಮೆಂತೆ, ಕೊನೆಗೆ ಮಜ್ಜಿಗೆಯ ನೆನಪು" ಎಂದೆ.

"ಉಪ್ಪು ಹಾಕಿದ್ದೇನಾ ಇಲ್ವಾ, ಅದು ಹೇಳಿ."

ಅದನ್ನು ನೋಡಲು ಮರೆತಿದ್ದೆ. ಅವಳು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಳು, ಮುಚ್ಚಳ ಸಿಗಲಿಲ್ಲ ಅಂತ ಮೇಜಿನ ಮೇಲಿದ್ದ ಚಾರ್ಟನ್ನೇ ಮುಚ್ಚಿ ಒಂದು ತಟ್ಟೆ ಇಟ್ಟಳು. ರಾತ್ರಿ ಸೆಕೆ ಜೋರಿತ್ತು. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ ತಟ್ಟೆಯನ್ನು ಎಬ್ಬಿಸಿ ಚಾರ್ಟಿಗೆ ಅಂಟಿತ್ತು. ಬಾಳೆಹಣ್ಣು, ಹಟ್ಟಿ, ಬೆಣ್ಣೆ ಎಲ್ಲ ಒಣಗಿದ್ದವು. ಒದ್ದೆಯಾದದ್ದು ಒಂದೇ ಮನೆ, "ಈಸ್ಟ್" ಅಂತ ಬರೆದದ್ದು.